ನಲವತ್ನಾಲ್ಕು ಮಿಲಿಮೀಟರ್ ಮೇಲೇರಿದ ನೀರು

ಟ್ಯಾಂಕಿನೊಳಗೆ ಇಳಿದಾಗ ನನ್ನ ಟಾರ್ಚಿನ ಬೆಳಕಿಗೆ ಮೊದಲು ಸಿಕ್ಕಿದ್ದು ಉಗುಳು. ತಳವೂ ಗೋಡೆಯೂ ಕೂಡುವ ಮೂಲೆಯಲ್ಲಿ, ಸುತ್ತಲೂ, ಗುಟ್ಕಾ ಜಗಿದು ಉಗಿದ ಕೆಂಪು ಕಲೆಗಳು. ಕೆಲವು ಒಣಗಿ ಕಪ್ಪಾಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು. ಅದು ಐವತ್ತು ಸಾವಿರ ಲೀಟರಿನ ಕುಡಿಯುವ ನೀರಿನ ಟ್ಯಾಂಕು. ಕೆಳಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅಂಗನವಾಡಿ ಇದೆ. ಮೇಲೆ ಮ್ಯಾನ್‌ಹೋಲಿನಿಂದ ಇಣುಕುತ್ತಿದ್ದ ನಮ್ಮ ಸೂಪರ್‌ವೈಸರನನ್ನು, "ಇದೇನ್ರೀ ಇದು?" ಎಂದು ಕೇಳಿದೆ.

"ಲೇಬರ್‌ಗಳು ಸಾರ್. ಹೇಳಿದ್ರೆ ಕೇಳಂಗಿಲ್ಲ. ತೊಳೆಸ್ತೀನಿ ಬಿಡ್ರಿ," ಎಂದ. ಹಾಗೆನ್ನುವಾಗ ಅವನ ಎಡಗೆನ್ನೆಯೂ ಉಬ್ಬಿಕೊಂಡೇ ಇತ್ತು.

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಲು ಹೇಳಿ ಮೇಲೆ ಹತ್ತಿ ಬಂದೆ. ಅಷ್ಟಕ್ಕೇ ಬಿಟ್ಟೆನಲ್ಲ ಎಂದು ಈಗ ಅನಿಸುತ್ತದೆ. ಕುಡಿಯುವ ನೀರಿನ ಟ್ಯಾಂಕಿನಲ್ಲಿ ಉಗಿಯುವವರು ಕಾಂಕ್ರೀಟು ಹಾಕುವಾಗ ಇನ್ನೇನು ಮಾಡಿರಬಹುದು ಎಂಬ ಪ್ರಶ್ನೆ ಆವತ್ತೇ ನನ್ನ ತಲೆಗೆ ಬರಬೇಕಿತ್ತು.

ಊರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ನಾನು ಸರ್ಕಾರದ ನೀರು ಸರಬರಾಜು ಇಲಾಖೆಗೆ ಟ್ಯಾಂಕು ಕಟ್ಟಿಕೊಡುವ ಗುತ್ತಿಗೆ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್. ಎರಡೂ ತಾಲ್ಲೂಕಿನಲ್ಲಿ ನಮ್ಮ ಕೆಲಸಗಳಿದ್ದವು. ಆಫೀಸು ಶಿಕಾರಿಪುರದಲ್ಲಿ, ಈ ಊರಿಗೆ ವಾರಕ್ಕೆರಡು ಸಲ ಬೈಕಿನಲ್ಲಿ ಬರುತ್ತಿದ್ದೆ. ಉಳಿದ ದಿನ ಸೈಟು ಸೂಪರ್‌ವೈಸರನ ಕೈಯಲ್ಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ಮನುಷ್ಯ. ಅವನಿಗೆ ಗೊತ್ತಿಲ್ಲದ ಅಡ್ಡದಾರಿ ಇರಲಿಲ್ಲ.

ಓವರ್‌ಹೆಡ್ ಟ್ಯಾಂಕು ಕಟ್ಟಿದ ಮೇಲೆ ಅದು ಸೋರುವುದಿಲ್ಲ ಎಂದು ತೋರಿಸಿಕೊಡಬೇಕು. ಪೂರ್ತಿ ನೀರು ತುಂಬಿಸಿ ಏಳು ದಿನ ಬಿಡಬೇಕು. ಒಣ ಕಾಂಕ್ರೀಟು ಆ ಏಳು ದಿನ ಒಂದಿಷ್ಟು ನೀರು ಕುಡಿಯುತ್ತದೆ. ಎಂಟನೇ ದಿನ ನೀರಿನ ಮಟ್ಟಕ್ಕೆ ಒಳಗೋಡೆಯ ಮೇಲೆ ಗೆರೆ ಎಳೆಯಬೇಕು. ಆಮೇಲೆ ಮತ್ತೆ ಏಳು ದಿನ ಒಂದು ಹನಿ ಹಾಕಬಾರದು, ಒಂದು ಹನಿ ತೆಗೆಯಬಾರದು. ಕೊನೆಗೆ ಮಟ್ಟ ಎಷ್ಟು ಇಳಿದಿದೆ ಎಂದು ಅಳೆಯಬೇಕು, ಹೊರಗೋಡೆ ಒಣಗಿದೆಯೇ ಎಂದು ನೋಡಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಮೂರೋ ನಾಲ್ಕೋ ಮಿಲಿಮೀಟರ್ ಆವಿಯಾಗುವುದು ಸಹಜ, ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ. ಹೊರಗೋಡೆ ನೋಡಬೇಕಾದ್ದರಿಂದಲೇ ಪರೀಕ್ಷೆ ಮುಗಿಯುವ ತನಕ ಅದಕ್ಕೆ ಬಣ್ಣ ಹೊಡೆಯಬಾರದು. ಬಣ್ಣ ಹೊಡೆದರೆ ಒದ್ದೆಯ ಗುರುತು ಮುಚ್ಚಿಹೋಗುತ್ತದೆ. ಇದು ಕಾಲೇಜು ಮೆಟ್ಟಿಲು ಹತ್ತದವರಿಗೂ ಅರ್ಥವಾಗುವ ಮಾತು.

ಆದರೂ ನಾನು ಬಣ್ಣ ಹೊಡೆಸಿದೆ. ಕಂಪನಿಯ ಮಾಲೀಕರು ಫೋನ್ ಮಾಡಿ, "ಉದ್ಘಾಟನಿ ಡೇಟ್ ಬಂದೈತ್ರಿ. ಫೋಟೋದಾಗ ಟ್ಯಾಂಕು ಬೆಳ್ಳಗೆ ಕಾಣ್ಬೇಕು. ಪೇಂಟ್ ಹೊಡ್ಸಿಬಿಡ್ರಿ," ಎಂದರು. ಟೆಸ್ಟ್ ಆಗಿಲ್ಲ ಸಾರ್ ಎಂದೆ. "ಟೆಸ್ಟ್ ಎಲ್ಲಿ ಓಡಿಹೋಗ್ತದ? ಆಮ್ಯಾಲ ಮಾಡ್ರಿ," ಎಂದರು. ನಾನು ಆಯ್ತು ಸಾರ್ ಎಂದೆ. ಯಾರೂ ನನ್ನ ಕತ್ತು ಹಿಸುಕಿರಲಿಲ್ಲ. ವಾದ ಮಾಡಲು ಬೇಸರವಾಗಿತ್ತು, ಅಷ್ಟೇ.

ಆ ಊರಲ್ಲಿ ಪಂಚಾಯ್ತಿಯಿಂದ ನೀರು ಬಿಡುವ ಕೆಲಸ ಮಾಡುತ್ತಿದ್ದವರು ಒಬ್ಬ ಹೆಂಗಸು. ನಲವತ್ತೈದರ ಆಸುಪಾಸು. ಕುರಿ ಸಾಕುವ ಮನೆಯವರು. ಗಂಡ ಹಿಂಡು ಹೊಡೆದುಕೊಂಡು ವರ್ಷದ ಅರ್ಧ ಹೊರಗೇ ಇರುತ್ತಿದ್ದ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಪಂಪ್‌ಹೌಸಿನ ಕೀಲಿ ಅವರ ಸೊಂಟದಲ್ಲಿರುತ್ತಿತ್ತು. ಯಾವ ಬೀದಿಗೆ ಎಷ್ಟು ಹೊತ್ತು ನೀರು, ಯಾವ ಮನೆಯ ನಲ್ಲಿ ಸೋರುತ್ತದೆ, ಕರೆಂಟು ಯಾವಾಗ ಹೋಗುತ್ತದೆ, ಎಲ್ಲ ಅವರ ಬಾಯಲ್ಲಿ. ಹೊಸ ಟ್ಯಾಂಕಿನ ಕೆಲಸ ನಡೆಯುವಾಗ ಒಂದು ದಿನ ನನ್ನನ್ನು ಕರೆದು ವಾಲ್ವಿನ ಗುಂಡಿ ತೋರಿಸಿದ್ದರು.

"ಸಾರ್, ಇದರಾಗೆ ಕೀ ತಿರುಗಂಗಿಲ್ಲ ನೋಡ್ರಿ. ಗ್ವಾಡಿಗೆ ಬಡಿತೈತೆ. ದಿನಾ ತಿರುಗ್ಸೋಳು ನಾನು."

ಅವರು ಹೇಳಿದ್ದು ನಿಜವಾಗಿತ್ತು. ವಾಲ್ವು ತಿರುಗಿಸುವ ಉದ್ದನೆಯ ಕೀಲಿಗೆ ಅಡ್ಡಹಿಡಿ ಇರುತ್ತದೆ. ಗುಂಡಿಯನ್ನು ಇಕ್ಕಟ್ಟಾಗಿ ಕಟ್ಟಿದ್ದರಿಂದ ಅದು ಕಾಲು ಸುತ್ತು ತಿರುಗುವಷ್ಟರಲ್ಲಿ ಗೋಡೆಗೆ ತಾಗುತ್ತಿತ್ತು. ಪ್ರತಿ ಸಲ ತೆಗೆದು, ಮತ್ತೆ ಕೂರಿಸಿ, ಮತ್ತೆ ಕಾಲು ಸುತ್ತು. ಸೂಪರ್‌ವೈಸರ್, "ಇಲಾಖೆಯವ್ರು ಓಕೆ ಮಾಡ್ಯಾರೆ ಸಾರ್," ಎಂದ. ನಾನು ಮುಂದೆ ನೋಡೋಣ ಅಕ್ಕ ಎಂದು ಬೈಕು ಹತ್ತಿದೆ. ನನ್ನ ಆ ದಿನಗಳ ಮಾತುಗಳಲ್ಲಿ ಮುಂದೆ ನೋಡೋಣ ಎಂಬುದೇ ಹೆಚ್ಚಿತ್ತು.

ಟ್ಯಾಂಕು ತುಂಬಿಸಿದೆವು. ಏಳು ದಿನ ಕಳೆಯಿತು. ಎಂಟನೇ ದಿನ ನಾನೇ ಮೇಲೆ ಹತ್ತಿ, ಮ್ಯಾನ್‌ಹೋಲಿನ ಪಕ್ಕದ ಒಳಗೋಡೆಯ ಮೇಲೆ ಉಳಿಯಿಂದ ಗೀರಿ, ಕೆಂಪು ಬಣ್ಣದ ಗೆರೆ ಎಳೆದೆ. ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ಸೊರಬದ ಕಡೆಯವರು. ಒಳ್ಳೆಯ ಮಾತುಗಾರ, ಯಾರಿಗೂ ಇಲ್ಲ ಎನ್ನದ ಸ್ವಭಾವ. ಅವರೂ ನೋಡಿ ಪರೀಕ್ಷಾ ಪುಸ್ತಕದಲ್ಲಿ ರುಜು ಹಾಕಿದರು. ಇನ್ನು ಏಳು ದಿನ ನೀರು ಮುಟ್ಟುವಂತಿಲ್ಲ ಎಂದು ಅವರಿಗೂ ಹೇಳಿದೆ, ಸೂಪರ್‌ವೈಸರನಿಗೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ಪಂಪಿನ ಕೀಲಿ ಯಾರ ಸೊಂಟದಲ್ಲಿತ್ತೋ ಅವರಿಗೆ ಮಾತ್ರ ನಾನು ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಕೊನೆಯ ದಿನ ಮಧ್ಯಾಹ್ನ ಮೂವರೂ ಮೇಲೆ ಹತ್ತಿದೆವು. ಬಿಸಿಲಿಗೆ ಚಪ್ಪಡಿ ಕಾದಿತ್ತು. ನಾನು ಟವೆಲ್ ಹಾಸಿಕೊಂಡು ಹೊಟ್ಟೆಯ ಮೇಲೆ ಮಲಗಿ, ಸ್ಟೀಲ್ ಸ್ಕೇಲು ಹಿಡಿದು ಮ್ಯಾನ್‌ಹೋಲಿನೊಳಗೆ ಟಾರ್ಚು ಬಿಟ್ಟೆ. ಗೆರೆ ಕಾಣಲಿಲ್ಲ. ಜಾಗ ತಪ್ಪಿರಬೇಕೆಂದು ಆಚೀಚೆ ಬೆಳಕು ಹಾಯಿಸಿದೆ. ಮತ್ತೆ ನೋಡಿದಾಗ ಅದು ಸಿಕ್ಕಿತು, ನೀರಿನ ಕೆಳಗೆ.

"ಎಷ್ಟು ಇಳಿದಿದೆ ಮಾರಾಯ್ರೆ?" ಎಂದು ಅಸಿಸ್ಟೆಂಟ್ ಇಂಜಿನಿಯರ್ ಕೇಳಿದರು.

"ಇಳಿದಿಲ್ಲ. ಏರಿದೆ."

"ಎಂತ?"

"ನಲವತ್ನಾಲ್ಕು ಮಿಲಿಮೀಟರ್ ಏರಿದೆ. ಬೇಕಾದ್ರೆ ನೀವೇ ನೋಡಿ."

ಅವರು ನೋಡಲಿಲ್ಲ. ಸೂಪರ್‌ವೈಸರನ ಮುಖ ನೋಡಿದರು. ಸೂಪರ್‌ವೈಸರ್ ಅವರ ಮುಖ ನೋಡಿದ. ಆಮೇಲೆ ಸೂಪರ್‌ವೈಸರ್, "ಮಳಿ ಬಂದಿರ್ಬೇಕು ಸಾರ್," ಎಂದ. ಟ್ಯಾಂಕಿನ ಮೇಲೆ ಗಟ್ಟಿ ಚಪ್ಪಡಿ ಇದೆ. ನಾವು ಮೂವರೂ ಅದರ ಮೇಲೇ ಕೂತಿದ್ದೆವು. ಆ ವಾರ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನನಗೆ ತಡೆಯಲಾರದಷ್ಟು ನಗು ಬಂತು. ಆ ನಗು ಮುಗಿಯುವುದರೊಳಗೆ ಬಾಯಿಯೆಲ್ಲ ಕಹಿಯಾಯಿತು.

ಕೆಳಗೆ ಇಳಿದಾಗ ಅಕ್ಕ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತಿದ್ದರು. ಈ ವಾರ ಹೊಸ ಟ್ಯಾಂಕಿಗೆ ಮೋಟಾರು ಹಾಕಿದ್ರಾ ಎಂದು ಕೇಳಿದೆ. ಅವರಿಗೆ ಮುಚ್ಚಿಡಬೇಕಾದದ್ದೇನೂ ಇರಲಿಲ್ಲ.

"ಹೂಂ ಹಾಕೀನಿ. ನಿನ್ನೆ ಮಧ್ಯಾಹ್ನ ಇವ್ರು ಬಂದು, ಸಾರ್ ಹೇಳ್ಯಾರೆ ಮೋಟ್ರು ಹಾಕು, ನಾ ಮ್ಯಾಲಿಂದ ಕೈ ಮಾಡಿದ್ಮ್ಯಾಲೆ ಬಂದ್ ಮಾಡು ಅಂದ್ರು. ಹಾಕ್ದೆ. ಇವತ್ತು ಬೆಳಿಗ್ಗೆ ಈ ಸಾರ್ ಫೋನ್ ಮಾಡಿ, ಹೊಸ ಟ್ಯಾಂಕಿಗೆ ಹತ್ತು ನಿಮಿಷ ನೀರು ಬಿಡವ್ವಾ ಅಂದ್ರು. ಬಿಟ್ಟೆ." ನಮ್ಮ ಮೂವರ ಮುಖವನ್ನೂ ನೋಡಿ ಅವರಿಗೆ ಗಾಬರಿಯಾಯಿತು. "ಯಾಕ್ರೀ, ಕಮ್ಮಿ ಆತಾ?"

ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ತಂತಮ್ಮ ಬುದ್ಧಿವಂತಿಕೆಯಿಂದ ನೀರು ತುಂಬಿಸಿದ್ದರು. ಸೂಪರ್‌ವೈಸರ್ ಮಟ್ಟ ಇಳಿದದ್ದು ಕಂಡು ಗೆರೆಗೆ ಸರಿಯಾಗಿ ತುಂಬಿಸಿದ್ದ, ಅದೂ ನನ್ನ ಹೆಸರು ಹೇಳಿ. ಅಸಿಸ್ಟೆಂಟ್ ಇಂಜಿನಿಯರ್ ಮೇಲೆ ಹತ್ತಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, ಇಳಿದೇ ಇರುತ್ತದೆ ಎಂಬ ಭರವಸೆಯಲ್ಲಿ ಹತ್ತು ನಿಮಿಷ ಬಿಡಿಸಿದ್ದರು. ನಾವು ಕಟ್ಟಿದ ಟ್ಯಾಂಕು ಸೋರುತ್ತದೆ ಎಂಬ ವಿಷಯದಲ್ಲಿ ಇಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಆ ಪಂಪು ನಿಮಿಷಕ್ಕೆ ಸುಮಾರು ನೂರು ಲೀಟರು ಎತ್ತುತ್ತದೆ. ಹತ್ತು ನಿಮಿಷಕ್ಕೆ ಸಾವಿರ ಲೀಟರು. ಆ ಟ್ಯಾಂಕಿನ ಅಗಲಕ್ಕೆ ಐವತ್ತು ಮಿಲಿಮೀಟರು ಏರಬೇಕು. ಏರಿದ್ದು ನಲವತ್ನಾಲ್ಕು. ನಿನ್ನೆ ಮಧ್ಯಾಹ್ನ ಗೆರೆಗೆ ಸರಿಯಾಗಿದ್ದ ನೀರು ಒಂದು ದಿನದಲ್ಲಿ ಆರು ಮಿಲಿಮೀಟರು ಕಳೆದುಕೊಂಡಿತ್ತು. ಅಂದರೆ ವಾರಕ್ಕೆ ನಲವತ್ತೆರಡು. ಅವರು ಮಾಡಿದ ಮೋಸದಿಂದಲೇ ಸೋರಿಕೆಯ ಲೆಕ್ಕ ಸಿಕ್ಕಿತ್ತು.

ಆ ನೀರು ಎಲ್ಲಿ ಹೋಗುತ್ತಿದೆ ಎಂಬುದು ಮುಖ್ಯ. ದಿನಕ್ಕೆ ನೂರಿಪ್ಪತ್ತು ಲೀಟರು ಹೋದರೆ ಊರಿಗೆ ಬರವೇನೂ ಬರುವುದಿಲ್ಲ. ಆದರೆ ಅದು ಗೋಡೆಯೊಳಗಿನ ಕಬ್ಬಿಣದ ಸರಳುಗಳನ್ನು ಸವರಿಕೊಂಡು ಹೋಗುತ್ತಿದ್ದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸಿಡಿದು ಚಕ್ಕೆ ಉದುರುತ್ತದೆ. ಹೊಳೆಯುವ ಬಿಳಿ ಬಣ್ಣದ ಹಿಂದೆ ಅದು ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ. ಆ ಬಣ್ಣ ಹೊಡೆಸಿದವನು ನಾನು. ಕೆಳಗೆ ಅಂಗನವಾಡಿಯ ಮಕ್ಕಳು ಊಟಕ್ಕೆ ಸಾಲಾಗಿ ಕೂತಿದ್ದರು.

ಅಲ್ಲಿಂದ ಹೋಗಿ ಪಂಚಾಯ್ತಿ ಕಚೇರಿಯ ಒಂದು ಕೋಣೆಯಲ್ಲಿ ಕೂತೆವು. ಚಹಾ ಬಂತು. ಅಸಿಸ್ಟೆಂಟ್ ಇಂಜಿನಿಯರ್ ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. "ಇದಕ್ಕೆಲ್ಲ ತಲೆ ಕೆಡಿಸ್ಕೊಬೇಡಿ ಮಾರಾಯ್ರೆ. ದಾರಿ ಇದೆ," ಎಂದು ಒಂದು ಹಾಳೆ ತೆಗೆದು ತಾವೇ ಬರೆದರು. ಬರೆಯುವುದರಲ್ಲಿ ಅವರದು ಎತ್ತಿದ ಕೈ. ಹಾಳೆಯಲ್ಲಿದ್ದದ್ದು ಇಷ್ಟು: ಪಂಚಾಯ್ತಿಯ ನೀರು ಸರಬರಾಜು ನೌಕರರು ಯಾರ ಅನುಮತಿಯೂ ಇಲ್ಲದೆ ಪಂಪು ಚಾಲನೆ ಮಾಡಿ ನಿರ್ಲಕ್ಷ್ಯ ತೋರಿದ್ದರಿಂದ ನೀರಿನ ಮಟ್ಟ ಏರಿರುತ್ತದೆ. ಆದಾಗ್ಯೂ ಟ್ಯಾಂಕಿನ ಹೊರಮೈ ಪರಿಶೀಲಿಸಲಾಗಿ ಯಾವುದೇ ಸೋರಿಕೆ ಕಂಡುಬಂದಿರುವುದಿಲ್ಲ. ಸದರಿ ನೌಕರರ ಮೇಲೆ ಸೂಕ್ತ ಕ್ರಮ ಜರುಗಿಸಲು ಕೋರಿದೆ. ಕೆಳಗೆ ನನ್ನ ಹೆಸರು, ಅವರ ಹೆಸರು. ಒಂದೇ ಹಾಳೆಯಲ್ಲಿ ಟ್ಯಾಂಕು ಪಾಸಾಗುತ್ತಿತ್ತು, ಅಕ್ಕನ ಕೆಲಸ ಹೋಗುತ್ತಿತ್ತು. ಅಷ್ಟು ಸಲೀಸಾಗಿ ಇಂಥ ಹೊಲಸು ಕೆಲಸ ಮಾಡುವವರನ್ನು ನಾನು ಅದಕ್ಕೆ ಮೊದಲು ಹತ್ತಿರದಿಂದ ನೋಡಿರಲಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ನಡೆದದ್ದನ್ನೆಲ್ಲ ಕೇಳಿ ಅವರು, "ಸಾಹೇಬ್ರು ಬರ್ದುಕೊಟ್ಟಾರಲ್ಲ, ಸೈನ್ ಹಾಕ್ರಿ, ಮುಗೀತು," ಎಂದರು.

"ಟ್ಯಾಂಕು ಸೋರ್ತಿದೆ ಸಾರ್. ತಪ್ಪು ಆ ಅಕ್ಕಂದಲ್ಲ."

"ನಮ್ ಕಸ್ಟಮರ್ ಯಾರ್ರಿ? ಇಲಾಖೆ. ಇಲಾಖೆಯವ್ರೇ ಸರಿ ಐತಿ ಅಂದ್ಮ್ಯಾಲ ನಿಮ್ದೇನ್ರಿ ನಡುವ? ಆ ಹೆಣ್ಮಗಳೇನು ನಮ್ ಕಸ್ಟಮರ್ರಾ?"

ನಾನು ಆ ಹಾಳೆ ಎಳೆದುಕೊಂಡೆ. ಪೆನ್ನಿನ ಕ್ಯಾಪು ತೆಗೆದೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಬರೆಯುತ್ತೇನೆ: ನನ್ನ ಹೆಸರಿನ ಮೊದಲ ಅಕ್ಷರ ಹಾಕಿದೆ. ಬೇರೆ ಸೈಟುಗಳು ಕಾಯುತ್ತಿದ್ದವು, ತಲೆ ಸಿಡಿಯುತ್ತಿತ್ತು, ಆಮೇಲೆ ಪಂಚಾಯ್ತಿಯವರಿಗೆ ಬಾಯಲ್ಲಿ ಹೇಳಿ ಅಕ್ಕನನ್ನು ಉಳಿಸಿದರಾಯ್ತು ಎಂದು ನನ್ನನ್ನು ನಾನೇ ನಂಬಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಖಾಲಿ ಲೋಟ ತೆಗೆಯಲು ಒಳಗೆ ಬಂದವರು ಅಕ್ಕ. ಕಚೇರಿಯಲ್ಲಿ ಚಹಾ ತಂದುಕೊಡುವುದೂ ಅವರ ಪಾಲಿಗೇ ಬಿದ್ದಿತ್ತು. ಹಾಳೆ ಕಣ್ಣಿಗೆ ಬಿತ್ತು. ನಿಂತಲ್ಲೇ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಯಾರೂ ತಡೆಯಲಿಲ್ಲ. ಓದಿ ಮುಗಿಸಿ ನನ್ನ ಕಡೆ ತಿರುಗಿದರು.

"ಸಾರ್, ನಿರ್ಲಕ್ಷ್ಯ ಅಂತ ಬರ್ದೀರಲ್ಲ. ನೀವು ಹಾಕು ಅಂದ್ರಿ ಅಂತ ಹಾಕಿದ್ದು ನಿರ್ಲಕ್ಷ್ಯವಾ? ಹಾಕದಿದ್ರೆ ಅದು ನಿರ್ಲಕ್ಷ್ಯ ಆಗ್ತಿರ್ಲಿಲ್ವಾ?"

"ನೀನು ಹೋಗವ್ವ, ಇದು ನಿಂಗೆ ಗೊತ್ತಾಗಲ್ಲ," ಎಂದರು ಅಸಿಸ್ಟೆಂಟ್ ಇಂಜಿನಿಯರ್.

"ಗೊತ್ತಾಗದೇ ಏನ್ ಸಾರ್? ನನ್ನ ಹೆಸ್ರು ಬರ್ದಿಲ್ಲ, ಕೆಲ್ಸ ಬರ್ದೀರಿ. ಆ ಕೆಲ್ಸ ಮಾಡೋಳು ಊರಾಗೆ ನಾನೊಬ್ಳೇ." ಅವರು ಅಳಲಿಲ್ಲ, ದನಿ ಏರಿಸಲಿಲ್ಲ. ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಬಾಗಿಲ ಹತ್ತಿರ ನಿಂತರು. "ಸೋರೋ ಟ್ಯಾಂಕು ಕಟ್ಟಿದ್ದು ನಾನಲ್ಲಲ್ರೀ."

ನನಗೆ ಅಸಹ್ಯವಾಯಿತು. ಆ ಇಬ್ಬರ ಮೇಲೆ ಮಾತ್ರವಲ್ಲ. ಆ ಹಾಳೆಯ ಮೇಲೆ ನನ್ನದೆಂದು ಇದ್ದದ್ದು ಒಂದೇ ಅಕ್ಷರ, ಅದರ ಮಸಿ ಇನ್ನೂ ಆರಿರಲಿಲ್ಲ. ಹಾಳೆಯನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ಪರೀಕ್ಷಾ ಪುಸ್ತಕ ತೆರೆದೆ. ಕೊನೆಯ ಅಂಕಣ ಷರಾ. ಎಲ್ಲ ಟ್ಯಾಂಕಿನ ಪುಸ್ತಕದಲ್ಲೂ ಅಲ್ಲಿ ತೃಪ್ತಿಕರ ಎಂದು ಬರೆಯುವುದು ರೂಢಿ; ಕೆಲವರು ಅದರ ರಬ್ಬರ್ ಸ್ಟ್ಯಾಂಪನ್ನೇ ಮಾಡಿಸಿಕೊಂಡಿದ್ದಾರೆ. ನಾನು ಬರೆದೆ: ಮಟ್ಟ ನಲವತ್ನಾಲ್ಕು ಮಿ.ಮೀ. ಏರಿದೆ. ಪರೀಕ್ಷೆಯ ಅವಧಿಯಲ್ಲಿ ಎರಡು ಸಲ ಪಂಪು ಹಾಕಲಾಗಿದೆ. ಒಮ್ಮೆ ನಮ್ಮ ಸೂಪರ್‌ವೈಸರ್, ಒಮ್ಮೆ ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ಹೇಳಿದ್ದರಿಂದ. ಪಂಪು ಹಾಕಿದವರಿಗೆ ನಾನು ಮುಂಚಿತವಾಗಿ ತಿಳಿಸಿರಲಿಲ್ಲ, ತಪ್ಪು ನನ್ನದು. ದಿನಕ್ಕೆ ಸುಮಾರು ಆರು ಮಿ.ಮೀ. ಸೋರಿಕೆ ಇದೆ. ಪರೀಕ್ಷೆಗೆ ಮೊದಲೇ ಹೊರಗೋಡೆಗೆ ಬಣ್ಣ ಹೊಡೆಸಿದ್ದೂ ನಾನು. ಟ್ಯಾಂಕು ಅನುತ್ತೀರ್ಣ. ಕೆಳಗೆ ಪೂರ್ತಿ ರುಜು ಹಾಕಿದೆ. ಪಂಚಾಯ್ತಿಯ ಝೆರಾಕ್ಸ್ ಯಂತ್ರದಲ್ಲೇ ನಕಲು ತೆಗೆದು, ಸ್ವೀಕೃತಿಯ ಮೊಹರು ಹಾಕಿಸಿ, ಒಂದು ಪ್ರತಿ ಪಂಚಾಯ್ತಿಯವರಿಗೆ ಕೊಟ್ಟೆ.

ಅಸಿಸ್ಟೆಂಟ್ ಇಂಜಿನಿಯರ್ ಎದ್ದು ನಿಂತರು. "ನಿಮ್ಮ ಜೊತೆ ಇಷ್ಟು ಚೆನ್ನಾಗಿದ್ದೆನಲ್ಲ ಮಾರಾಯ್ರೆ, ಹೀಗಾ ಮಾಡೋದು?" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಅದು ನನಗೆ ಇನ್ನೂ ಹೆಚ್ಚು ರೇಜಿಗೆ ತಂದಿತು. ಫೋನಿನಲ್ಲಿದ್ದ ಮಾಲೀಕರು ಯಾವಾಗಲೋ ಕಟ್ ಮಾಡಿದ್ದರು.

ಅಲ್ಲಿಂದ ಮುಂದಿನದು ಕೆಲಸದ ಮಾತು. ಮರುದಿನ ಆನವಟ್ಟಿಗೆ ಹೋಗಿ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ದುಂಡು ತಟ್ಟೆ ಮಾಡಿಸಿದೆ. ಟ್ಯಾಂಕಿಗೆ ನೀರು ಏರುವ ಪೈಪಿನ ಜೋಡಣೆ ಬಿಚ್ಚಿ, ನಡುವೆ ರಬ್ಬರ್ ಹಾಳೆ ಇಟ್ಟು ಆ ತಟ್ಟೆಯನ್ನು ಬೋಲ್ಟು ಹಾಕಿ ಬಿಗಿದೆ. ಇನ್ನು ಯಾರು ಮೋಟಾರು ಹಾಕಿದರೂ ಮೇಲಕ್ಕೆ ಹನಿ ಹೋಗುವಂತಿರಲಿಲ್ಲ. ಊರಿಗೆ ಬೇರೆ ಪೈಪಿನಲ್ಲಿ ತುಂಬುವ ಹಳೆಯ ತೊಂಬೆಗಳಿಂದಲೇ, ಬೀದಿಬೀದಿಯ ಸಣ್ಣ ಟ್ಯಾಂಕುಗಳಿಂದಲೇ, ನೀರು ಹೋಗುತ್ತಿತ್ತು. ಮ್ಯಾನ್‌ಹೋಲಿಗೆ ಬೀಗ ಹಾಕಿ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟೆ. ಈ ಸಲ ಪರೀಕ್ಷೆ ಎಂದರೇನು, ಏಳು ದಿನ ಯಾಕೆ, ಗೆರೆ ಯಾಕೆ, ಎಲ್ಲವನ್ನೂ ಮೊದಲು ಹೇಳಿದ್ದು ಅವರಿಗೆ. ಕೇಳಿಸಿಕೊಂಡು, "ಇಷ್ಟೇ ಅಲ್ಲೇನ್ರೀ. ಮೊದ್ಲೇ ಹೇಳಿದ್ರೆ ಯಾರ್ ಬಂದು ಕಾಲು ಹಿಡಿದ್ರೂ ಹಾಕ್ತಿರ್ಲಿಲ್ಲ," ಎಂದರು.

ಏಳು ದಿನದಲ್ಲಿ ನಲವತ್ತೊಂದು ಮಿಲಿಮೀಟರ್ ಇಳಿಯಿತು. ಅಳೆದು ನನಗೆ ಹೇಳಿದವರು ಅಕ್ಕ. ನಾನು ಪಕ್ಕದಲ್ಲಿ ಮಲಗಿ ಟಾರ್ಚು ಹಿಡಿದಿದ್ದೆ.

ಉದ್ಘಾಟನೆಯ ದಿನ ಹಾಗೇ ಕಳೆದುಹೋಯಿತು. ಊರಿನವರು ನನ್ನನ್ನು ಹೊಗಳಿದರು ಎಂದುಕೊಂಡರೆ ತಪ್ಪು. "ಕಟ್ಟೋರೂ ನೀವೇ, ಫೇಲ್ ಮಾಡೋರೂ ನೀವೇ, ನೀರು ಯಾವಾಗ ಕೊಡ್ತೀರಿ?" ಎಂದು ದಾರಿಯಲ್ಲಿ ಅಡ್ಡಹಾಕಿ ಕೇಳುತ್ತಿದ್ದರು. ಅವರು ಕೇಳುವುದು ನ್ಯಾಯವೇ ಆಗಿತ್ತು. ಮಾಲೀಕರು ನನ್ನನ್ನು ತೆಗೆಯಲಿಲ್ಲ. ಷರಾದ ನಕಲು ಇಲಾಖೆಯ ಮೇಲಿನ ಕಚೇರಿಗೂ ಮುಟ್ಟಿತ್ತು, ಅಲ್ಲಿ ಹೋಗಿ ಉತ್ತರ ಹೇಳಲು ಅವರಿಗೆ ಒಬ್ಬ ಬೇಕಿತ್ತು. ಅದರ ಬದಲು ಒಳಗೋಡೆಗೆ ಬಳಿಯುವ ಲೇಪನದ ಡಬ್ಬಿಗಳನ್ನು ಕಳಿಸಿದರು. ಒಡೆಯುವುದು ಬೇಡ, ಬಳಿದು ಮುಗಿಸಿ ಎಂದು ಅಪ್ಪಣೆ. ಒಡೆಯದೆ ಆಗುವುದಿಲ್ಲ ಎಂದೆ, ಕೇಳಲಿಲ್ಲ. ಬಳಿದೆವು. ಮತ್ತೆ ತುಂಬಿಸಿ ಹದಿನಾಲ್ಕು ದಿನ ಕಾದೆವು. ಹತ್ತೊಂಬತ್ತು ಮಿಲಿಮೀಟರ್. "ಅರ್ಧಕ್ಕರ್ಧ ಕಮ್ಮಿ ಆತಲ್ರಿ!" ಎಂದು ಮಾಲೀಕರು ಸಂಭ್ರಮಪಟ್ಟರು. ನಾನು ಷರಾದಲ್ಲಿ ಮತ್ತೆ ಅನುತ್ತೀರ್ಣ ಎಂದು ಬರೆದೆ.

ಆಮೇಲೆ ಒಡೆಯಲು ಒಪ್ಪಿದರು. ಮೊದಲು ಹೊರಗಿನ ಬಣ್ಣವನ್ನೆಲ್ಲ ಕೆರೆಸಿದೆ. ತಳದಿಂದ ಒಂದು ಗೇಣು ಮೇಲೆ, ಸುತ್ತಿನ ಮೂರನೇ ಒಂದು ಭಾಗದಷ್ಟು, ಒದ್ದೆಯ ಪಟ್ಟಿ ಕಾಣಿಸಿತು. ಟ್ಯಾಂಕು ಖಾಲಿ ಮಾಡಿ ಒಳಗಿಳಿದು ಆ ಜಾಗದಲ್ಲಿ ಉಳಿ ಹಾಕಿಸಿದೆ. ತಳ ಹಾಕಿದ ಮೇಲೆ ಅದರ ಮೇಲೆ ಗೋಡೆ ಎಬ್ಬಿಸುವ ಮೊದಲು ಆ ಜಾಗವನ್ನು ಒರಟಾಗಿ ಕೆತ್ತಿ, ಗುಡಿಸಿ, ತೊಳೆದು, ಸಿಮೆಂಟು ಹಾಲು ಸುರಿದು ಆಮೇಲೆ ಕಾಂಕ್ರೀಟು ತುಂಬಬೇಕು. ಅದು ಅರ್ಧ ದಿನದ ಕೆಲಸ. ಅರ್ಧ ದಿನ ಯಾರಿಗೂ ಪುರುಸೊತ್ತಿರಲಿಲ್ಲ. ಉಳಿಯ ಬಾಯಿಗೆ ಮೊದಲು ಬಂದದ್ದು ಮರದ ಹೊಟ್ಟು. ಆಮೇಲೆ ಗೋಣಿಯ ಚೂರು. ಆಮೇಲೆ ಗುಟ್ಕಾ ಚೀಟಿಗಳು. ಒಂದೆರಡಲ್ಲ. ಕಾಂಕ್ರೀಟಿನ ನಡುವೆ, ಸರಳುಗಳ ಸಂದಿಯಲ್ಲಿ, ಹರಿದ ಬಾಯಿಯ ಚೀಟಿಗಳು ಪದರ ಪದರವಾಗಿ ಕೂತಿದ್ದವು. ಹೊಳಪು ಕೂಡ ಮಾಸಿರಲಿಲ್ಲ. ಜಗಿದು, ಉಗಿದು, ಚೀಟಿ ಎಸೆದು, ಅದರ ಮೇಲೇ ಕಾಂಕ್ರೀಟು ಸುರಿದಿದ್ದರು. ಸರಳಿನ ಮೇಲೆ ಆಗಲೇ ಕಂದು ತುಕ್ಕು ಹಿಡಿದಿತ್ತು.

ನಾನು ಆ ಚೀಟಿಗಳನ್ನು ಒಂದೊಂದಾಗಿ ಆರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಮೇಲೆ ಬಂದು ಸೂಪರ್‌ವೈಸರನ ಮುಂದೆ ಹಿಡಿದೆ. ಅವನು ಅದನ್ನೇ ನೋಡುತ್ತ ನಿಂತ. ಬಾಯಲ್ಲಿದ್ದದ್ದನ್ನು ಉಗಿಯಲು ಪಕ್ಕಕ್ಕೆ ತಿರುಗಿದವನು, ಏನನ್ನಿಸಿತೋ, ನುಂಗಿಕೊಂಡ. "ತಪ್ಪಾತು ಸಾರ್," ಎಂದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಕಟ್ಟಿಸಿದ ಟ್ಯಾಂಕುಗಳು ಎಷ್ಟು, 'ತೃಪ್ತಿಕರ' ಎಂಬ ಮೊಹರು ಬಿದ್ದವು ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ಪಟ್ಟಿಯನ್ನೆಲ್ಲ ಕಡಿದು ತೆಗೆದೆವು. ಸರಳಿಗೆ ತಂತಿ ಬ್ರಷ್ ಹಾಕಿ ತುಕ್ಕು ಕೆರೆದು ಲೇಪನ ಬಳಿದೆವು. ಕುಗ್ಗದ ಗಾರೆ ತುಂಬಿ, ಉಳಿದ ಟೊಳ್ಳುಗಳಿಗೆ ಒತ್ತಡದಲ್ಲಿ ಸಿಮೆಂಟು ಹಾಲು ಇಳಿಸಿ, ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ಹಸಿಯಾಗಿಟ್ಟೆವು. ಟ್ಯಾಂಕಿನೊಳಗೆ ಹೋಗುವವರ ಜೇಬು ತಪಾಸಣೆ ಮಾಡುವ ಕೆಲಸವನ್ನು ಅಕ್ಕ ಕೇಳದೆಯೇ ವಹಿಸಿಕೊಂಡರು. ಏಣಿಯ ಬುಡದಲ್ಲಿ ಕೂತು, "ತೆಗೀ ತೆಗೀ, ಇಲ್ಲಿ ಇಟ್ಟು ಹತ್ತು. ಅದು ನಾವು ಕುಡಿಯೋ ನೀರು," ಎನ್ನುತ್ತಿದ್ದರು. ನಮ್ಮ ಕಂಪನಿಯ ಯಾವ ಗುಣಮಟ್ಟದ ಪಟ್ಟಿಯಲ್ಲೂ ಇಲ್ಲದ ತಪಾಸಣೆ ಅದು. ಅದೇ ಸಮಯದಲ್ಲಿ ವಾಲ್ವಿನ ಗುಂಡಿಯನ್ನೂ ಒಡೆಸಿ, ಕೀಲಿ ಪೂರ್ತಿ ಸುತ್ತು ತಿರುಗುವಷ್ಟು ಅಗಲ ಮಾಡಿಸಿದೆ. ಅದಕ್ಕೆ ಯಾರ ಅನುಮತಿಯನ್ನೂ ಕೇಳಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ಏಳು ದಿನಕ್ಕೆ ಮೂರು ಮಿಲಿಮೀಟರ್ ಇಳಿಯಿತು. ಟ್ಯಾಂಕಿನ ಸುತ್ತಲಿನ ಬಾಲ್ಕನಿಯಲ್ಲಿ ನಾನೂ ಅಕ್ಕನೂ ಬಣ್ಣವಿಲ್ಲದ ಹೊರಗೋಡೆಗೆ ಕೈಯಾಡಿಸಿಕೊಂಡು ಒಂದು ಸುತ್ತು ಬಂದೆವು. ಪೂರ್ತಿ ಒಣಗಿತ್ತು. ಅಸಿಸ್ಟೆಂಟ್ ಇಂಜಿನಿಯರ್ ಬಂದು ರುಜು ಹಾಕಿ ಹೋದರು. ಬಣ್ಣ ಹೊಡೆದರು, ಉದ್ಘಾಟನೆ ಆಯಿತು, ಹಾರ ಹಾಕಿದರು. ವೇದಿಕೆಯ ಮೇಲೆ ಗುಣಮಟ್ಟದ ಬಗ್ಗೆ ಭಾಷಣವೂ ಆಯಿತು. ಅಕ್ಕನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಅವರು ಗುಂಡಿಯ ಹತ್ತಿರ ವಾಲ್ವು ತಿರುಗಿಸುತ್ತಿದ್ದರು. ಆದರೆ ಕೆಲಸ ಉಳಿಯಿತು.

ಇದಾಗಿ ಸ್ವಲ್ಪ ದಿನಕ್ಕೆ ನಮ್ಮ ಕಂಪನಿಯ ವಾಟ್ಸಾಪ್ ಗುಂಪಿಗೆ ಮಾಲೀಕರ ಹೆಸರಿನಲ್ಲಿ ಒಂದು ಮೆಸೇಜು ಬಂತು: ಎಲ್ಲಾ ಸೈಟಿನವರ ಗಮನಕ್ಕೆ. ಇನ್ನು ಮುಂದೆ ಟ್ಯಾಂಕ್ ಟೆಸ್ಟ್ ನಡೆಯುವಾಗ ಪಂಪಿನ ಕೀಲಿ ನಮ್ಮ ಸೂಪರ್‌ವೈಸರ್ ಬಳಿಯೇ ಇರತಕ್ಕದ್ದು. ಅಗತ್ಯವಿದ್ದಲ್ಲಿ ನೀರು ಬಿಡುವ ಜವಾಬ್ದಾರಿ ಒಬ್ಬರಿಗೇ ವಹಿಸತಕ್ಕದ್ದು. ಟೆಸ್ಟ್ ಮುಗಿಯುವ ತನಕ ಊರಿನ ನೀರು ಬಿಡುವವರನ್ನು ಟ್ಯಾಂಕಿನ ಹತ್ತಿರ ಸೇರಿಸಬಾರದು. ಗ್ರಾಹಕರ ತೃಪ್ತಿಯೇ ನಮ್ಮ ಗುರಿ.

ಅದರ ಕೆಳಗೆ ಒಂದರ ಹಿಂದೆ ಒಂದು ಹೆಬ್ಬೆರಳುಗಳು ಬಿದ್ದವು. ನಾಲ್ಕು ತಿಂಗಳ ಪರೀಕ್ಷೆ, ದುರಸ್ತಿಯಿಂದ ನನ್ನ ಕಂಪನಿ ಕಲಿತ ಪಾಠ ಇದು. ನಾನು ಸೊರಬದ ಬಸ್ ಸ್ಟ್ಯಾಂಡಿನ ಎದುರು ಬೈಕು ನಿಲ್ಲಿಸಿ ಅದನ್ನು ಎರಡು ಸಲ ಓದಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎನ್ನಿಸಿ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಹಂಗಾದ್ರೆ ಸಾರ್, ಬ್ಯಾರೆ ಊರಾಗೆ ಮೋಟ್ರು ಹಾಕಿದ್ದು ನಿಮಗೆ ಯಾರ್ ಹೇಳ್ತಾರ್ರೀ?"

ನನ್ನ ಮುಂದಿನ ಟ್ಯಾಂಕಿಗೆ ಆ ದಿನ ಬೆಳಿಗ್ಗೆಯೇ ನೀರು ತುಂಬಿಸಲು ಶುರು ಮಾಡಿದ್ದರು. ಅಲ್ಲಿನ ಪಂಪಿನ ಕೀಲಿ ಆಗಲೇ ಸೂಪರ್‌ವೈಸರನ ಜೇಬು ಸೇರಿತ್ತು.